ಒಂದು ಒತ್ತಿಗೆ ಒಂದು ಪದ

ಮಂಚಿಕೇರಿ
9 ಮಾರ್ಚ್ 2025

ವಿನೋದಾ ಅಕ್ಕೋರಿಗೆ ಹೊನ್ನಿಯ ನಮಸ್ಕಾರ.

ನಿನ್ನೆ ಕೆಟ್ಟ ಕನಸು ಬಿತ್ತು. ಯಾರಿಗಾದರೂ ಹೇಳದಿದ್ದರೆ ಅದು ಎದೆಯಿಂದ ಇಳಿಯುವಂತಿಲ್ಲ. ಹುಬ್ಬಳ್ಳಿಯ ಪರೀಕ್ಷೆಯ ಕೋಣೆ. ನಾನು ಕಂಡ ಊರಲ್ಲ, ಆದರೆ ಕನಸಿನಲ್ಲಿ ಅದು ಹುಬ್ಬಳ್ಳಿಯೇ ಎಂದು ಗೊತ್ತಿತ್ತು. ಎಲ್ಲರ ಮುಂದೆ ಕಂಪ್ಯೂಟರ್, ನನ್ನ ಮುಂದೆ ಮಾತ್ರ ನಾನು ಕೆಲಸ ಮಾಡುವ ಘಟಕದ, ಅಡಿಕೆ ಹಾಳೆತಟ್ಟೆ ಒತ್ತುವ ಯಂತ್ರ. ಪ್ರಶ್ನೆ ಎಲ್ಲಿ ಎಂದು ಕೇಳಿದೆ. ಯಾರೋ ಬಂದು, ಕೈ ಒಳಗಿಡು, ಉತ್ತರ ತಾನೇ ಬರುತ್ತದೆ ಎಂದರು. ಇಟ್ಟೆ. ಮೇಲಿನ ಬಿಸಿ ಅಚ್ಚು ಇಳಿಯತೊಡಗಿತು. ಬಾಗಿಲಲ್ಲಿ ನೀವು ನಿಂತಿದ್ದಿರಿ. ನಿಮ್ಮ ಬಾಯಿ ಆಡುತ್ತಿತ್ತು, ದನಿ ಮಾತ್ರ ಕೇಳಲಿಲ್ಲ.

ಹತ್ತು ವರ್ಷ ಸುದ್ದಿಯಿಲ್ಲದೆ ಈಗ ಕೆಲಸ ಬಿದ್ದಾಗ ನೆನಪಾದಿರಿ ಎಂದು ತಿಳಿಯಬೇಡಿ. ಅಲ್ಲ, ಹಾಗೆ ತಿಳಿದರೂ ತಪ್ಪೇನಿಲ್ಲ. ನೀವು ಕಲಿಸುತ್ತಿದ್ದ ಒಂಬತ್ತನೆಯ ತರಗತಿಯ ನಡುವೆ ಅವ್ವನಿಗೆ ಲಕ್ವ ಹೊಡೆದು, ನಾವು ಕಾನಸೂರು ಬಿಟ್ಟು ಇಲ್ಲಿ ಮಾವನ ಊರಿಗೆ ಬಂದೆವು. ಅವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ. ನಾನು ಹತ್ತನೆಯದನ್ನೂ ಪಿಯುಸಿಯನ್ನೂ ಮನೆಯಲ್ಲೇ ಓದಿ ಕಟ್ಟಿದೆ, ಎರಡರಲ್ಲೂ ಒಂದೊಂದು ಸಲ ಬಿದ್ದು ಎದ್ದೆ. ಈಗ ಶಿಕ್ಷಕಿಯಾಗುವ ನಾಲ್ಕು ವರ್ಷದ ಕೋರ್ಸಿಗೆ ಹುಬ್ಬಳ್ಳಿಯಲ್ಲಿ ಪ್ರವೇಶ ಪರೀಕ್ಷೆ ಬರೆಯುತ್ತಿದ್ದೇನೆ. ಆ ಕೋರ್ಸಿಗೆ ಸೇರಲು ಇಪ್ಪತ್ತೈದರ ಒಳಗಿರಬೇಕು. ಆಗಸ್ಟಿಗೆ ನನಗೆ ಇಪ್ಪತ್ತೈದು ತುಂಬುತ್ತದೆ. ಈ ಸಲ ತಪ್ಪಿದರೆ ಮತ್ತೆ ಇಲ್ಲ.

ಉಳಿದದ್ದು ಹೇಗೋ ಓದಿಕೊಂಡೇನು. ಇಂಗ್ಲಿಷಿನ ಪದಗಳಿವೆಯಲ್ಲ, ಅವುಗಳೇ ನನ್ನನ್ನು ತಿನ್ನುತ್ತಿವೆ. ಯಲ್ಲಾಪುರದಲ್ಲಿ ಹಳೆಯ ಪುಸ್ತಕವೊಂದು ಸಿಕ್ಕಿತು, ಅದರಲ್ಲಿ ಆರುನೂರು ಕಷ್ಟದ ಪದಗಳಿವೆ. ಒಂದು ಉತ್ತರ ತಪ್ಪಾದರೆ ಬಂದ ಅಂಕದಲ್ಲೂ ಕಳೆಯುತ್ತಾರಂತೆ. ಗೊತ್ತಿಲ್ಲದವರು ಸುಮ್ಮನಿದ್ದರೆ ಲಾಭ. ನನಗೆ ಗೊತ್ತಿದ್ದದ್ದೂ ಸಂಶಯವೇ. ಹಾಗಾದರೆ ಎಲ್ಲದಕ್ಕೂ ಸುಮ್ಮನಿರಬೇಕೇ?

ನಿಮಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ ಕಟ್ ಆಯಿತು. ಆಮೇಲೆ ನಿಮ್ಮ ಮೆಸೇಜು ಬಂತು, ಫೋನ್ ಬೇಡ, ಕೈಯಲ್ಲಿ ಪತ್ರ ಬರೆ ಎಂದು. ಸಿಟ್ಟೇ ಅಕ್ಕೋರೇ? ಶಾಲೆ ಬಿಡುವಾಗ ನಿಮಗೆ ಒಂದು ಮಾತು ಹೇಳದೆ ಬಂದದ್ದು ನಿಮಗೆ ಇನ್ನೂ ಮರೆತಿಲ್ಲವೇ?

ಅರ್ಜಿಯ ಝೆರಾಕ್ಸ್ ಇಟ್ಟಿದ್ದೇನೆ. ನನ್ನ ಜನ್ಮದಿನಾಂಕ ಸರಿ ಇದೆಯೇ ಎಂದು ದಯವಿಟ್ಟು ಇನ್ನೊಮ್ಮೆ ನೋಡಿ. ನಾನು ಏಳು ಸಲ ನೋಡಿದ್ದೇನೆ, ಆದರೆ ನೋಡಿದ್ದು ನಾನು.

ಹೊನ್ನಿ


ಕಾನಸೂರು
15 ಮಾರ್ಚ್ 2025

ಹೊನ್ನಿ,

ಜನ್ಮದಿನಾಂಕ ಸರಿ ಇದೆ.

ಆರುನೂರು ಪದ ಎಂದು ನೋಡಬೇಡ. ಪರೀಕ್ಷೆಗೆ ಇನ್ನೂ ಒಂಬತ್ತು ವಾರಗಳಿವೆ, ದಿನಕ್ಕೆ ಹತ್ತು ಸಾಕು. ಬಾಯಿಪಾಠ ಬೇಡ. ಪ್ರತಿ ಪದಕ್ಕೂ ನಿನ್ನ ಕೆಲಸದ ಜಾಗದಿಂದ ಒಂದು ವಾಕ್ಯ ಕಟ್ಟು. ಪುಸ್ತಕದ ವಾಕ್ಯದಲ್ಲಿ ರಾಜರೂ ಹಡಗುಗಳೂ ಇರುತ್ತವೆ. ನೀನು ಎರಡನ್ನೂ ಕಂಡಿಲ್ಲ. ಕಂಡದ್ದನ್ನು ಬರೆ, ವಾರಕ್ಕೊಮ್ಮೆ ಕಳಿಸು, ತಿದ್ದುತ್ತೇನೆ.

ಫೋನ್ ಮಾಡಬೇಡ. ಮೂವತ್ತೊಂದು ವರ್ಷ ಮಾತಾಡಿದ್ದು ಸಾಕಾಗಿದೆ. ಸಿಟ್ಟು ಗಿಟ್ಟು ಏನೂ ಇಲ್ಲ. ನೀನು ಹೋದ ಮೇಲೆ ಹಾಜರಿ ಕರೆಯುವಾಗ ಮೂರು ತಿಂಗಳು ನಿನ್ನ ಹೆಸರು ಬಿಡಲಿಲ್ಲ, ಉಳಿದವರು ನಗುತ್ತಿದ್ದರು. ಆ ಮೇಲೆ ಬಿಟ್ಟೆ.

ನಿಮ್ಮ ಘಟಕದ ಹೆಸರು, ಮಾಲೀಕರ ಫೋನ್ ನಂಬರು ಬರೆದು ಕಳಿಸು.

ವಿನೋದಾ


ಮಂಚಿಕೇರಿ
23 ಮಾರ್ಚ್ 2025

ಅಕ್ಕೋರಿಗೆ ನಮಸ್ಕಾರ.

ಮಾಲೀಕರ ನಂಬರು ಯಾಕೆ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಕೆಲಸದ ಹೊತ್ತಿನಲ್ಲಿ ಓದುತ್ತೇನೆ ಎಂದು ಅವರಿಗೆ ಹೇಳುತ್ತೀರೇ? ಹೇಳಬೇಡಿ. ಆದರೆ ನೀವು ಕೇಳಿದ್ದನ್ನು ಕೊಡದಿದ್ದರೂ ತಪ್ಪಾಗುತ್ತದೆ. ಹೆಸರು ದಿನಕರ ಹೆಗಡೆ, ನಂಬರು ಪತ್ರದ ಹಿಂದೆ ಇದೆ.

ದಿನಕರಣ್ಣ ಕೆಟ್ಟವರಲ್ಲ. ಭಾನುವಾರ ಆಫೀಸಿನ ಕಂಪ್ಯೂಟರಿನಲ್ಲಿ ಒಂದು ತಾಸು ಮೌಸ್ ಹಿಡಿದು ಕಲಿಯಲು ಬಿಡುತ್ತಾರೆ. ಬಾಣ ನಾನು ಹೇಳಿದಲ್ಲಿ ನಿಲ್ಲುವುದಿಲ್ಲ, ಜಾರಿ ಪಕ್ಕದ ಉತ್ತರಕ್ಕೆ ಹೋಗುತ್ತದೆ. ಪರೀಕ್ಷೆ ಮೇ 18, ಭಾನುವಾರ. ಎಂಟೂವರೆಗೆ ಗೇಟು ಹಾಕುತ್ತಾರೆ. ಇಲ್ಲಿಂದ ಮೊದಲ ಬಸ್ಸು ಹಿಡಿದರೆ ಹತ್ತಕ್ಕೆ ಮುಟ್ಟುತ್ತೇನೆ. ಪ್ರತಿ ಭಾನುವಾರ ಬೆಳಗಿನ ಜಾವ ನಮ್ಮ ತಟ್ಟೆ ತುಂಬಿದ ಗಾಡಿ ಹುಬ್ಬಳ್ಳಿಗೆ ಹೋಗುತ್ತದೆ. ಅದರಲ್ಲಿ ಬಿಡುತ್ತೇನೆ ಎಂದು ದಿನಕರಣ್ಣ ಹೇಳಿದ್ದಾರೆ. ಆ ಗಾಡಿ ಇಲ್ಲದಿದ್ದರೆ ನನ್ನ ಪರೀಕ್ಷೆಯೂ ಇಲ್ಲ.

ಇನ್ನು ನಾನು ಓದುವ ರೀತಿ. ನೆನೆಹಾಕಿದ ಹಾಳೆಯನ್ನು ಅಚ್ಚಿನ ಮೇಲೆ ಇಟ್ಟು, ಒತ್ತು ಇಳಿಸಿ, ನಲವತ್ತು ಎಣಿಸಬೇಕು. ಕಡಿಮೆ ಎಣಿಸಿದರೆ ತಟ್ಟೆ ಬಾಗುತ್ತದೆ, ಹೆಚ್ಚಾದರೆ ಸೀಯುತ್ತದೆ. ನಾನು ಅಂಕಿ ಎಣಿಸುವ ಬದಲು ಪದ ಹೇಳಿಕೊಳ್ಳುತ್ತೇನೆ. ಒಂದು ಪದವನ್ನು ಅರ್ಥದೊಂದಿಗೆ ಎಂಟು ಸಲ ಹೇಳಿದರೆ ಸರಿಯಾಗಿ ನಲವತ್ತು. ಒಂದು ಒತ್ತಿಗೆ ಒಂದು ಪದ. ನೋಡಿಕೊಳ್ಳಲು ಕಾಗದ ಇಟ್ಟರೆ ಹಬೆಗೆ ತೊಯ್ಯುತ್ತದೆ. ಅದಕ್ಕೆ ಬಿಸಾಡುವ ಒಡಕು ತಟ್ಟೆಗಳ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದು ಎದುರಿಗೆ ನಿಲ್ಲಿಸಿಕೊಳ್ಳುತ್ತೇನೆ, ಮೇಲೆ ಇಂಗ್ಲಿಷು, ಕೆಳಗೆ ಕನ್ನಡ.

ಪಕ್ಕದ ಯಂತ್ರದಲ್ಲಿ ಹಾವೇರಿ ಕಡೆಯ ನೀಲಗಂಗವ್ವ ಇದ್ದಾಳೆ. ಮೊದಲ ದಿನ ನನ್ನ ತುಟಿ ಆಡುವುದನ್ನು ನೋಡಿ ಸುಮ್ಮನಿದ್ದಳು, ಎರಡನೆಯ ದಿನ ಕೇಳಿಯೇ ಬಿಟ್ಟಳು. "ಯಾರಿಗ್ ಶಾಪ ಹಾಕಾಕತ್ತೀಯವ್ವಾ? ನನಗಾದ್ರ ಸ್ವಲ್ಪ ಸಾವಕಾಶ ಹಾಕು, ಮನ್ಯಾಗ ಮೊಮ್ಮಕ್ಳು ಅದಾವು." ಕಟ್ಟು ಕಟ್ಟುವ ಚೌಡಜ್ಜನೂ ನಕ್ಕ. ಅವನು ದಿನವಿಡೀ ಮೂಲೆಯಲ್ಲಿ ಕೂತು ನೂರು ನೂರು ತಟ್ಟೆ ಎಣಿಸಿ ಕಟ್ಟು ಕಟ್ಟುತ್ತಾನೆ, ಅಕ್ಷರ ಬಾರದು, ಎಣಿಕೆ ಮಾತ್ರ ಎಂದೂ ತಪ್ಪಿದ್ದಿಲ್ಲ.

ಈ ವಾರದ ವಾಕ್ಯಗಳು ಬೇರೆ ಹಾಳೆಯಲ್ಲಿವೆ. ರಿಲಕ್ಟೆಂಟ್, ಅಂದರೆ ಒಲ್ಲದ ಮನಸ್ಸಿನ: ಒಣಗಿದ ಹಾಳೆ ಬಗ್ಗಲು ರಿಲಕ್ಟೆಂಟ್. ಮೆಟಿಕ್ಯುಲಸ್, ಅಂದರೆ ಬಹಳ ಅಚ್ಚುಕಟ್ಟಿನ: ಚೌಡಜ್ಜ ಎಣಿಕೆಯಲ್ಲಿ ಮೆಟಿಕ್ಯುಲಸ್. ಟ್ರೆಪಿಡೇಶನ್, ಅಂದರೆ ಹೆದರಿಕೆ: ಇದಕ್ಕೆ ವಾಕ್ಯ ಬೇಡ, ನಾನೇ ಇದ್ದೇನೆ.

ಪರೀಕ್ಷೆಯ ದಿನ 18 ಹೌದಲ್ಲವೇ? ಜಾಹೀರಾತಿನ ತುಂಡು ಇಟ್ಟಿದ್ದೇನೆ, ಒಮ್ಮೆ ನೋಡಿ.

ಹೊನ್ನಿ


ಕಾನಸೂರು
30 ಮಾರ್ಚ್ 2025

ಹೊನ್ನಿ,

18 ಹೌದು. ಅದು ಭಾನುವಾರವೂ ಹೌದು.

ಚೌಡನ ವಾಕ್ಯ ಚೆನ್ನಾಗಿದೆ. ಆ ಪದವನ್ನು ನೀನು ಇನ್ನು ಮರೆಯಲಾರೆ, ಅವನು ಎದುರಿಗೇ ಕೂತಿರುತ್ತಾನೆ. ಹೆದರಿಕೆಯ ಪದಕ್ಕೂ ವಾಕ್ಯ ಬರೆ. ತಪ್ಪಿಸಿಕೊಳ್ಳಬೇಡ. ಹೆದರಿಕೆಗೆ ಒಂದು ಕೆಲಸ ಹಚ್ಚಿದರೆ ಅದು ಸುಮ್ಮನೆ ಕೂತು ನಿನ್ನನ್ನೇ ನೋಡುವುದಿಲ್ಲ.

ಮುಂದಿನ ವಾರ ಹುಬ್ಬಳ್ಳಿಯಲ್ಲಿ ನನಗೆ ಸ್ವಲ್ಪ ಕೆಲಸವಿದೆ. ಎರಡು ಮೂರು ವಾರ ಪತ್ರ ಬರದಿದ್ದರೆ ಅದರಲ್ಲಿ ಅರ್ಥ ಹುಡುಕಬೇಡ.

ವಿನೋದಾ


ಮಂಚಿಕೇರಿ
16 ಏಪ್ರಿಲ್ 2025

ಅಕ್ಕೋರಿಗೆ ನಮಸ್ಕಾರ.

ಅರ್ಥ ಹುಡುಕಬೇಡ ಎಂದಿರಿ. ಇಡೀ ದಿನ ಅರ್ಥ ಹುಡುಕುವುದನ್ನೇ ಕಲಿಸುತ್ತಿರುವವರು ನೀವು.

ಎರಡು ವಾರದ ವಾಕ್ಯ ಕಳಿಸಿದೆ, ತಿದ್ದಿ ಬರಲಿಲ್ಲ. ಪೋಸ್ಟಿನಲ್ಲಿ ಕಳೆಯಿತೋ, ಓದಿ ಬೇಸರ ಬಂತೋ. ನಿನ್ನೆ ತಡೆಯಲಾರದೆ ಫೋನ್ ಮಾಡಿದೆ. ತಪ್ಪಾಯಿತು. ಈ ಸಲ ಕಟ್ ಆಗಲಿಲ್ಲ, ಯಾರೋ ಎತ್ತಿದರು. ನಾನು ಅಕ್ಕೋರೇ, ಅಕ್ಕೋರೇ ಎಂದು ಕರೆದೆ. ಆ ಕಡೆ ಉಸಿರು ಕೇಳುತ್ತಿತ್ತು. ಒಂದು ಮಾತು ಇಲ್ಲ. ಆಮೇಲೆ ಇಟ್ಟರು. ಅದು ನೀವೇ ಎಂದು ನನಗೆ ಗೊತ್ತು. ಒಂಬತ್ತನೆಯದರಲ್ಲಿ ಯಾರಾದರೂ ದಡ್ಡ ಉತ್ತರ ಕೊಟ್ಟರೆ ನೀವು ಹೀಗೇ ಸುಮ್ಮನೆ ನಿಲ್ಲುತ್ತಿದ್ದಿರಿ, ಅವರಿಗೇ ನಾಚಿಕೆಯಾಗುವ ತನಕ.

ನನ್ನ ವಾಕ್ಯಗಳು ಅಷ್ಟು ಕೆಟ್ಟದಾಗಿದ್ದವೇ?

ಮುನ್ನೂರ ಹತ್ತು ಪದ ಆಗಿದೆ. ಹಿಂದಿನವು ಸೋರಿಹೋಗುತ್ತಿವೆ. ಬೆಳಿಗ್ಗೆ ಎದ್ದು ಮೊದಲ ದಿನದ ಹತ್ತು ಹೇಳಿಕೊಂಡರೆ ಏಳೇ ಬರುತ್ತವೆ, ಉಳಿದ ಮೂರು ಎಲ್ಲಿ ಹೋದವು ಎಂದು ಹುಡುಕುವಷ್ಟರಲ್ಲಿ ಆ ಏಳೂ ಹೋಗಿರುತ್ತವೆ. ಅದಕ್ಕೇ ನಿಲ್ಲದ ಪದಗಳನ್ನೇ ಬೇರೆ ಮಾಡಿ ತಟ್ಟೆಯ ಮೇಲೆ ಬರೆದು, ಯಂತ್ರದ ಹಿಂದಿನ ಹಲಗೆಯಲ್ಲಿ ಗೋಣಿ ಮುಚ್ಚಿ ಇಟ್ಟಿದ್ದೇನೆ. ಇಪ್ಪತ್ತಮೂರು ತಟ್ಟೆ. ನನ್ನ ಇಪ್ಪತ್ತಮೂರು ವೈರಿಗಳು.

ಒಂದು ಗೆರೆಯಾದರೂ ಬರೆಯಿರಿ. ಬೈದಾದರೂ.

ಹೊನ್ನಿ


ಮಂಚಿಕೇರಿ
26 ಏಪ್ರಿಲ್ 2025

ಅಕ್ಕೋರೇ,

ಆಗಬಾರದ್ದು ಆಗಿಹೋಯಿತು. ನೀವು ಉತ್ತರ ಬರೆಯದಿದ್ದರೂ ಬರೆಯುತ್ತಿದ್ದೇನೆ, ಬೇರೆ ಯಾರಿಗೂ ಹೇಳುವಂತಿಲ್ಲ.

ಕಳೆದ ಸೋಮವಾರ ನಾನು ಅವ್ವನನ್ನು ಯಲ್ಲಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಂದೇ ಶಿರಸಿಯ ಯಾವುದೋ ಗೃಹಪ್ರವೇಶಕ್ಕೆ ಆರುನೂರು ತಟ್ಟೆ ಹೋಗಬೇಕಿತ್ತು. ಕೊನೆಯ ಕಟ್ಟಿಗೆ ಸ್ವಲ್ಪ ಕಡಿಮೆ ಬಿತ್ತು. ಚೌಡಜ್ಜ ಅಲ್ಲಿ ಇಲ್ಲಿ ಹುಡುಕಿ ನನ್ನ ಗೋಣಿ ಎತ್ತಿ ನೋಡಿದ್ದಾನೆ. ಇಪ್ಪತ್ತಮೂರು ತಟ್ಟೆ ಸಾಲಾಗಿ ಇವೆ, ಒಂದೊಂದರ ಮೇಲೂ ಇಂಗ್ಲಿಷು. ಅವನು ಎಂದೋ ದಿನಕರಣ್ಣನ ಬಾಯಲ್ಲಿ ಕೇಳಿದ್ದ, ಹೊರದೇಶಕ್ಕೆ ಹೋಗುವ ತಟ್ಟೆಗೆ ಇಂಗ್ಲಿಷಿನಲ್ಲಿ ಮಾರ್ಕು ಹಾಕುತ್ತಾರೆ ಎಂದು. ಅವೇ ಎಲ್ಲಕ್ಕಿಂತ ಉತ್ತಮ ಮಾಲು ಎಂದು ತಿಳಿದು, ದೊಡ್ಡ ಮನೆಯ ಕಾರ್ಯ, ಮೊದಲ ಪಂಕ್ತಿಗೆ ಬರಲಿ ಎಂದು ಕಟ್ಟುಗಳ ಮೇಲೆ ಮೇಲೆ ಜೋಡಿಸಿ ಕಳಿಸಿದ್ದಾನೆ.

ಬುಧವಾರ ಆ ಮನೆಯವರ ಫೋನು ಬಂತು. ದಿನಕರಣ್ಣ ಆಫೀಸಿನ ಹೊರಗೆ ನಿಂತು ಕೇಳುತ್ತಿದ್ದರು, ನಾವೆಲ್ಲ ಯಂತ್ರದ ಹತ್ತಿರ. ಹೊಸ ಮನೆಯ ಮೊದಲ ಊಟಕ್ಕೆ ಕೂತ ಬೀಗರ ಮುಂದೆ ಪೆರಿಶ್, ಅಂದರೆ ನಾಶವಾಗು, ಎಂದು ಬರೆದ ತಟ್ಟೆ ಇಟ್ಟಿದ್ದರಂತೆ. ಮಾಟ ಮಾಡಿಸಿದ್ದಾರೆ ಎಂದು ಒಬ್ಬರು ಎದ್ದೇ ಹೋದರಂತೆ. ಫೋನ್ ಇಟ್ಟ ಮೇಲೆ ದಿನಕರಣ್ಣ ಅವರಿಗೆ ಏನು ಹೇಳಬೇಕೋ ತಿಳಿಯದೆ ಹೆಂಡತಿಯ ಹತ್ತಿರ ಮೆಲ್ಲಗೆ ಹೇಳಿದ್ದು ನನಗೆ ಕೇಳಿತು. "ಆನು ಅವ್ಕೆ ಎಂತ ಹೇಳವು? ನಂಗೇ ಅರ್ಥ ಆಜಿಲ್ಲೆ."

ಆಮೇಲೆ ಒಳಗೆ ಬಂದು ಕಟ್ಟು ಕಟ್ಟಿದವರು ಯಾರು ಎಂದು ಕೇಳಿದರು. ಚೌಡಜ್ಜ ಎದ್ದು ನಿಂತ.

"ನಾನೇಯ ಒಡೆಯಾ. ಇಂಗ್ಲೀಷಲ್ಲಿ ಬರ್ದಿತ್ತು. ಚಲೋ ಮಾಲು ಅಂದ್ಕಂಡೆ."

"ಬರ್ದವ್ರು ಯಾರು?"

ಚೌಡಜ್ಜ ನನ್ನ ಕಡೆ ನೋಡಲಿಲ್ಲ. ಗೋಣಿ ಯಾರ ಹಲಗೆಯಲ್ಲಿತ್ತು ಎಂದು ಅವನಿಗೆ ಗೊತ್ತು. ಗೊತ್ತಿಲ್ಲ ಎಂದುಬಿಟ್ಟ. ದಿನಕರಣ್ಣ, ನಾಳೆಯಿಂದ ಬರುವುದು ಬೇಡ ಎಂದರು. ಹನ್ನೊಂದು ವರ್ಷ ಕೂತ ಜಾಗದಿಂದ ಅಜ್ಜ ಎದ್ದು, ತಾನು ಕೂರುತ್ತಿದ್ದ ಚೀಲ ಕೊಡವಿ ಮಡಚಿಟ್ಟು ಹೋದ.

ನಾನು ಬಾಯಿ ಬಿಡಲಿಲ್ಲ. ಒತ್ತು ಇಳಿಸಿ ನಿಂತಿದ್ದೆ. ಯಾವ ಪದವೂ ಬರಲಿಲ್ಲ, ಅಂಕಿಯೂ ಬರಲಿಲ್ಲ, ತಟ್ಟೆ ಸೀದು ಹೊಗೆ ಬಂದ ಮೇಲೆ ನೀಲಗಂಗವ್ವ ಬಂದು ಎತ್ತಿದಳು. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆಯಲ್ಲ ಅಕ್ಕೋರೇ. ಗಾಡಿ ಹೋಗುತ್ತದೆ. ಗಾಡಿ ಹೋದರೆ ಗೇಟು ಮುಚ್ಚುತ್ತದೆ. ಮೂರು ವಾರ, ಮೂರೇ ವಾರ ಬಾಯಿ ಮುಚ್ಚಿಕೊಂಡಿದ್ದರೆ ಪರೀಕ್ಷೆ ಬರೆದು ಬಂದು ಆಮೇಲೆ ಹೇಳಬಹುದಲ್ಲ? ಚೌಡಜ್ಜ ಮೂರು ವಾರ ಮನೆಯಲ್ಲಿ ಕೂತರೆ ಏನಾಗುತ್ತದೆ?

ಪೆನ್ನಿನ ಶಾಯಿ ಹೊಟ್ಟೆಗೆ ಹೋದರೆ ಜನರಿಗೆ ಏನಾದರೂ ಆಗುತ್ತದೆಯೇ? ದಯವಿಟ್ಟು ಯಾರನ್ನಾದರೂ ಕೇಳಿ ತಿಳಿಸಿ.

ಹೊನ್ನಿ


ಕಾನಸೂರು
30 ಏಪ್ರಿಲ್ 2025

ಹೊನ್ನಿ,

ಶಾಯಿಯಿಂದ ಯಾರಿಗೂ ಏನೂ ಆಗಿಲ್ಲ. ನನಗೆ ಗೊತ್ತು, ಯಾಕೆಂದರೆ ಆ ಪಂಕ್ತಿಯಲ್ಲಿ ನಾನೂ ಕೂತಿದ್ದೆ.

ಆ ಮನೆ ನನ್ನ ಅಣ್ಣ ಕಮಲಾಕರನದು. ನಿಮ್ಮ ಘಟಕದಿಂದಲೇ ತಟ್ಟೆ ತರಿಸು ಎಂದು ನಾನೇ ಅವನಿಗೆ ಚೀಟಿ ಬರೆದು ಕೊಟ್ಟಿದ್ದೆ. ನಿಮ್ಮ ಮಾಲೀಕರ ನಂಬರು ಕೇಳಿದ್ದು ಅದಕ್ಕೆ. ನಿನಗೆ ಹೇಳಿದ್ದರೆ ನೀನು ಒಂದೊಂದು ತಟ್ಟೆಗೂ ಹೆದರುತ್ತಿದ್ದೆ ಎಂದು ಹೇಳಲಿಲ್ಲ. ಹೇಳಬೇಕಿತ್ತು.

ನನ್ನ ಮುಂದೆ ಬಂದದ್ದು ರಿಲಕ್ಟೆಂಟ್. ಅಕ್ಷರ ನೋಡಿದ ಕೂಡಲೇ ನಿನ್ನದೆಂದು ತಿಳಿಯಿತು, ಒಂಬತ್ತನೆಯದರಲ್ಲೂ ನಿನ್ನ ಸಾಲು ಬಲಕ್ಕೆ ಏರುತ್ತಿತ್ತು. ಪಕ್ಕದ ದೊಡ್ಡಮ್ಮ ತನ್ನ ತಟ್ಟೆ ನೋಡಿ, ಇದೇನು ಬಹುಮಾನದ ಚೀಟಿಯೇ, ನನಗೆ ಏನು ಬಂತು ಯಾರಾದರೂ ಓದಿ ಎಂದಳು. ಮಕ್ಕಳು ತಟ್ಟೆ ಅದಲು ಬದಲು ಮಾಡಿ ಗಟ್ಟಿಯಾಗಿ ಓದತೊಡಗಿದರು. ಒಂದೆರಡು ನಿಮಿಷ ಎಲ್ಲ ನಗುವೇ ಇತ್ತು. ಆಮೇಲೆ ಬೀಗರ ತಟ್ಟೆ ಕಂಡಿತು, ಅಣ್ಣನ ಮುಖ ಕೆಂಪಾಯಿತು, ಫೋನ್ ತೆಗೆದ.

ನಾನು ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ಇದು ನನ್ನ ವಿದ್ಯಾರ್ಥಿನಿಯ ಪಾಠ ಎಂದರೆ ಸಾಕಿತ್ತು, ಅವನೂ ನಗುತ್ತಿದ್ದ. ಹೇಳಲಿಲ್ಲ. ನನಗೆ ದನಿ ಇಲ್ಲ ಹೊನ್ನಿ.

ಫೆಬ್ರವರಿಯಿಂದ ಹೋಗಿದೆ. ಗಂಟಲಲ್ಲಿ ಗಂಟು. ಏಪ್ರಿಲ್ ಮೊದಲ ವಾರ ಹುಬ್ಬಳ್ಳಿಯಲ್ಲಿ ಅದನ್ನು ತೆಗೆದರು. ನೀನು ಫೋನಿನಲ್ಲಿ ಕೇಳಿದ್ದು ನನ್ನ ಉಸಿರೇ. ನೀನು ಕರೆದೆ, ನಾನು ಓ ಎಂದೆ, ಆದರೆ ಅದು ಹೊರಗೆ ಬರಲಿಲ್ಲ. ಅಂದು ಊಟದ ಮನೆಯಲ್ಲೂ ಹಾಗೆಯೇ, ಕಾಗದ ಪೆನ್ನು ಹುಡುಕಿ ಬರೆದು ಅಣ್ಣನ ಕೈಗೆ ಕೊಡುವಷ್ಟರಲ್ಲಿ ಅವನು ನಿಮ್ಮ ಮಾಲೀಕರಿಗೆ ಬೈದು ಮುಗಿಸಿದ್ದ. ನನ್ನ ಚೀಟಿಯನ್ನು, ಆಮೇಲೆ ನೋಡುತ್ತೇನೆ ಎಂದು ಜೇಬಿಗೆ ಹಾಕಿಕೊಂಡ. ದನಿ ಇಲ್ಲದವರ ಮಾತನ್ನು ಎಲ್ಲರೂ ಆಮೇಲೆ ನೋಡುತ್ತಾರೆ.

ಗಂಟಲಿನ ಡಾಕ್ಟರು ಶುಕ್ರವಾರ ಮಾತ್ರ ಕೂರುತ್ತಾರೆ. ಮೇ 16ಕ್ಕೆ ಮತ್ತೆ ಬರಲು ಚೀಟಿ ಕೊಟ್ಟಿದ್ದಾರೆ. ದನಿ ಬರುತ್ತದೆಯೋ ಇಲ್ಲವೋ, ತೆಗೆದ ಗಂಟು ಎಂಥದ್ದು, ಎರಡನ್ನೂ ಅಂದು ಹೇಳುತ್ತಾರಂತೆ. ಇರಲಿ.

ನಿನ್ನ ಪ್ರಶ್ನೆಗೆ ಉತ್ತರ. ಮೂರು ವಾರ ಮನೆಯಲ್ಲಿ ಕೂತರೆ ಚೌಡನಿಗೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ನಿನಗೆ ಏನಾಗುತ್ತದೆ ಎಂದು ಗೊತ್ತು.

ವಿನೋದಾ


ಮಂಚಿಕೇರಿ
1 ಮೇ 2025

ಅಕ್ಕೋರಿಗೆ ನಮಸ್ಕಾರ.

ನಿಮ್ಮ ಪತ್ರ ಇನ್ನೂ ಬಂದಿಲ್ಲ. ಬರುವ ಮೊದಲೇ ಇದನ್ನು ಬರೆದುಬಿಡಬೇಕು, ಇಲ್ಲದಿದ್ದರೆ ನೀವು ಹೇಳಿದ್ದಕ್ಕೆ ಮಾಡಿದೆ ಎಂದಾಗುತ್ತದೆ.

ಮೊದಲು ನಿಮಗೆ ಹೇಳಿದ ಒಂದು ಸುಳ್ಳು. ಒಡಕು ತಟ್ಟೆಯ ಮೇಲೆ ಬರೆಯುತ್ತೇನೆ ಎಂದಿದ್ದೆ. ಮೊದಮೊದಲು ಹೌದು. ಒಡಕು ತಟ್ಟೆಗೆ ಬೂಸ್ಟು ಹಿಡಿದಿರುತ್ತದೆ, ಶಾಯಿ ಹರಡಿ ಓದಲು ಬರುವುದಿಲ್ಲ. ಆ ಇಪ್ಪತ್ತಮೂರು ಒಳ್ಳೆಯ ತಟ್ಟೆಗಳೇ. ನಾನು ಒತ್ತಿದ್ದರಲ್ಲೇ ಆರಿಸಿ ಇಟ್ಟುಕೊಂಡವು. ಚೌಡಜ್ಜ ತಪ್ಪು ತಿಳಿಯಲಿಲ್ಲ. ಅವು ಉತ್ತಮ ಮಾಲೇ ಆಗಿದ್ದವು.

ಇವತ್ತು ಬೆಳಿಗ್ಗೆ ಅಜ್ಜನ ಮನೆಗೆ ಹೋದೆ. ಅಂಗಳದಲ್ಲಿ ಕೂತು ಮೊಮ್ಮಗಳ ಹುಣಸೆಬೀಜ ಎಣಿಸುತ್ತಿದ್ದ. ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ. ಅವನು ಬೀಜ ಎಣಿಸುವುದನ್ನು ಬಿಡದೆ ಹೇಳಿದ. "ನಂಗೆ ಓದೂಕೆ ಬರೂದಿಲ್ಲೆ ತಂಗಿ. ನಿಂಗಾರೂ ಬರ್ಲಿ. ಪರೀಕ್ಷಿ ಯಾವತ್ತು?"

ಅಲ್ಲಿಂದ ಸೀದಾ ಘಟಕಕ್ಕೆ ಬಂದೆ. ದಾರಿಯಲ್ಲಿ ಎರಡು ಸಲ ನಿಂತೆ. ದಿನಕರಣ್ಣ ಕಂಪ್ಯೂಟರಿನ ಮುಂದೆ ಕೂತಿದ್ದರು. ಬರೆದವಳು ನಾನು, ಒಳ್ಳೆಯ ತಟ್ಟೆ ಹಾಳು ಮಾಡಿದವಳೂ ನಾನು ಎಂದೆ. ದನಿ ನಡುಗಿತು, ಆದರೆ ಹೊರಗೆ ಬಂತು. ಅವರು ನನ್ನನ್ನು ನೋಡದೆಯೇ ಮಾತಾಡಿದರು. ಆ ಮನೆಯವರು ಇನ್ನು ನಮ್ಮ ತಟ್ಟೆ ತರಿಸುವುದಿಲ್ಲವಂತೆ, ಅವರ ನೆಂಟರೂ ತರಿಸುವುದಿಲ್ಲ, ಅದೆಲ್ಲ ಹೇಳಿದರು. ಕೊನೆಗೆ, ನಾಳೆ ಚೌಡನಿಗೆ ಬರಲು ಹೇಳು ಎಂದರು.

ನಾನು ಹೊರಡುವಾಗ ಕೇಳಿದೆ, ಹದಿನೆಂಟಕ್ಕೆ ಗಾಡಿ ಎಂದು. ಕೇಳಬಾರದಿತ್ತು. "ಗಾಡೀಲಿ ಜಾಗ ಇಲ್ಲ ಹೊನ್ನಿ," ಎಂದರು. ಸಿಟ್ಟಿನಲ್ಲಿ ಅಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ನಾಳೆ ಬದಲಾಗಬಹುದಿತ್ತು.

ನೀಲಗಂಗವ್ವ ಈಗ ತನ್ನ ಯಂತ್ರದಿಂದಲೇ ನನಗೆ ಪದ ಕೇಳುತ್ತಾಳೆ. ಅವಳಿಗೆ ಹೇಳಲು ಬರುವುದು ಒಂದೇ. "ಪೆರಿಶ್ ಅಂದ್ರ?" ಎನ್ನುತ್ತಾಳೆ, ದಿನಕ್ಕೆ ಹತ್ತು ಸಲ. ಕೆಲಸ ಇದೆ, ಪದ ನಾನೂರ ಎಪ್ಪತ್ತು ಆಗಿದೆ, ಹುಬ್ಬಳ್ಳಿ ಅಲ್ಲೇ ಇದೆ. ನಾನು ಅಲ್ಲಿಗೆ ಹೋಗುವುದು ಹೇಗೆ ಎಂಬುದೊಂದು ಗೊತ್ತಿಲ್ಲ.

ಹೊನ್ನಿ


ಕಾನಸೂರು
6 ಮೇ 2025

ಹೊನ್ನಿ,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ಒಳ್ಳೆಯದೇ ಆಯಿತು. ನನ್ನ ಕೊನೆಯ ಸಾಲು ನಿನಗೆ ಬೇಕಾಗಲಿಲ್ಲ.

ನಿನ್ನ ಪತ್ರವನ್ನು ಅಣ್ಣನಿಗೆ ಓದಲು ಕೊಟ್ಟೆ. ಈ ಸಲ ಜೇಬಿಗೆ ಹಾಕಲಿಲ್ಲ, ನಿಂತಲ್ಲೇ ಓದಿದ. ನಿಮ್ಮ ಮಾಲೀಕರಿಗೆ ತಾನೇ ಫೋನ್ ಮಾಡುತ್ತೇನೆ ಎಂದಿದ್ದಾನೆ. ಮಾಡುತ್ತಾನೆ, ನಿಧಾನದವನು.

ಗಾಡಿಯ ಯೋಚನೆ ಬಿಡು. ಶನಿವಾರ ಸಂಜೆಯೊಳಗೆ ಶಿರಸಿಗೆ ಬಾ. ಅಣ್ಣನ ಹೊಸ ಮನೆಯಲ್ಲೇ ಉಳಿಯೋಣ. ಅದೇನೂ ನಾಶವಾಗಿಲ್ಲ, ಗಟ್ಟಿಯಾಗಿದೆ. ಭಾನುವಾರ ಮುಂಜಾನೆ ಅವನ ಕಾರಿನಲ್ಲಿ ಹುಬ್ಬಳ್ಳಿಗೆ ಹೋಗೋಣ, ನಿನ್ನನ್ನು ಗೇಟಿನ ಒಳಗೆ ಬಿಟ್ಟು ನಾನು ಆಸ್ಪತ್ರೆಗೆ ಹೋಗುತ್ತೇನೆ. ನನ್ನದೂ ಅಂದೇ ಇದೆ. ಒಂದೇ ಓಡಾಟದಲ್ಲಿ ಎರಡೂ ಆಗುತ್ತದೆ.

ಉಳಿದ ಪದಗಳಲ್ಲಿ ಹೊಸದು ಕಲಿಯಬೇಡ. ಕಲಿತದ್ದನ್ನೇ ಒತ್ತು.

ವಿನೋದಾ


ಮಂಚಿಕೇರಿ
10 ಮೇ 2025

ಅಕ್ಕೋರಿಗೆ ನಮಸ್ಕಾರ.

ಎರಡೂ ಪತ್ರ ಕೈಸೇರಿದವು. ಮೊದಲನೆಯದನ್ನು ಯಂತ್ರದ ಹತ್ತಿರ ನಿಂತು ಓದಿದೆ. ಫೋನಿನಲ್ಲಿ ನೀವು ಓ ಎಂದದ್ದು ಕೇಳದೆ ನಾನು ನಿಮ್ಮ ಮೇಲೆ ಏನೇನು ಬರೆದೆ. ಕ್ಷಮಿಸಿ ಎಂದು ಬರೆದರೆ ಬಹಳ ಸಣ್ಣದಾಗುತ್ತದೆ. ಕನಸಿನಲ್ಲಿ ನಿಮ್ಮ ಬಾಯಿ ಆಡಿ ದನಿ ಬಾರದ್ದು ನೆನಪಾಯಿತು. ಅಂಥ ಕನಸನ್ನು ನಿಮಗೇ ಬರೆದು ಕಳಿಸಿದೆನಲ್ಲ.

ನಿನ್ನೆ ದಿನಕರಣ್ಣ ಆಫೀಸಿನ ಬಾಗಿಲು ತೆರೆದಿಟ್ಟು, ಮೌಸು ಖಾಲಿ ಇದೆ ಎಂದು ಗಾಳಿಗೆ ಹೇಳಿದಂತೆ ಹೇಳಿ ಹೋದರು. ಗಾಡಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಚೌಡಜ್ಜ ಬಂದಿದ್ದಾನೆ, ಈಗ ಪ್ರತಿ ತಟ್ಟೆಯನ್ನೂ ತಿರುಗಿಸಿ ಎರಡೂ ಕಡೆ ನೋಡಿ ಕಟ್ಟುತ್ತಾನೆ.

ನಿಮ್ಮ ಎರಡನೆಯ ಪತ್ರವನ್ನು ಹತ್ತು ಸಲ ಓದಿದೆ, ನನ್ನ ಅಭ್ಯಾಸ ನಿಮಗೆ ಗೊತ್ತು. ಮೊದಲ ಪತ್ರದಲ್ಲಿ ಡಾಕ್ಟರು ಶುಕ್ರವಾರ ಮಾತ್ರ ಕೂರುತ್ತಾರೆ, ಹದಿನಾರಕ್ಕೆ ಚೀಟಿ ಇದೆ ಎಂದು ಬರೆದಿದ್ದೀರಿ. ಎರಡನೆಯದರಲ್ಲಿ ನನ್ನದೂ ಭಾನುವಾರವೇ ಎಂದಿದ್ದೀರಿ. ಎರಡು ಪತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ನಿಮ್ಮದೇ ಅಕ್ಷರ.

ಹೀಗೆ ಬರೆಯಲು ನನಗೆ ಕೈ ಬರುತ್ತಿಲ್ಲ. ನೀವು ಕಲಿಸುವವರು, ನಾನು ಅರ್ಧಕ್ಕೆ ಶಾಲೆ ಬಿಟ್ಟವಳು. ಆದರೆ ಹೆದರಿಕೆ ಎಂಬ ಒಂದು ಪಾಠದಲ್ಲಿ ನಾನು ನಿಮಗಿಂತ ಹೆಚ್ಚು ಓದಿದ್ದೇನೆ. ಅದು ಹೇಗೆ ಮಾಡುತ್ತದೆ ಎಂದು ಗೊತ್ತು. ಇವತ್ತಿನ ದಿನವನ್ನು ನಾಳೆಗೆ ದೂಡುತ್ತದೆ, ದೂಡಿದ್ದಕ್ಕೆ ಬೇರೆಯವರ ಒಳ್ಳೆಯ ಕೆಲಸವನ್ನು ನೆಪ ಮಾಡುತ್ತದೆ. ನಾನೂ ಮೂರು ವಾರ ಎಂದು ಲೆಕ್ಕ ಹಾಕಿದ್ದೆನಲ್ಲ, ಹಾಗೆ. ನನ್ನನ್ನು ಗೇಟಿಗೆ ಬಿಡುವ ಕೆಲಸ ಹಚ್ಚಿಕೊಂಡು ನೀವು ಶುಕ್ರವಾರವನ್ನು ತಪ್ಪಿಸಿಕೊಳ್ಳುತ್ತಿದ್ದೀರಿ ಎಂದು ನನಗೆ ಅನಿಸುತ್ತದೆ. ತಪ್ಪಾಗಿದ್ದರೆ ಅಂಕ ಕಳೆಯಿರಿ.

ಹುಬ್ಬಳ್ಳಿಯಲ್ಲಿ ನೀಲಗಂಗವ್ವನ ತಂಗಿಯ ಮನೆ ಇದೆ, ಪರೀಕ್ಷೆಯ ಜಾಗಕ್ಕೆ ನಡೆದು ಹೋಗಬಹುದಂತೆ. ಫೋನ್ ಮಾಡಿ ಕೇಳಿದಳು. "ಇಬ್ರೂ ಬರ್ರಿ, ನಮ್ಮಲ್ಲಿ ಸ್ಟೀಲ್ ತಾಟ ಅದಾವು, ಹೆದರಬ್ಯಾಡ್ರಿ ಅಂತ ಹೇಳ್ಯಾಳ," ಎಂದು ನನಗೆ ಹೇಳಿ ತಾನೇ ನಕ್ಕಳು. ನಾಲ್ಕು ದಿನ ರಜೆ ಕೇಳಿದ್ದೇನೆ. ಅವ್ವನನ್ನು ಮಾವ ನೋಡಿಕೊಳ್ಳುತ್ತಾನೆ. ಗುರುವಾರ ಸಂಜೆಯೇ ಶಿರಸಿಗೆ ಬರುತ್ತೇನೆ. ಶುಕ್ರವಾರ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಹೋಗೋಣ. ಡಾಕ್ಟರ ಮುಂದೆ ನೀವು ಬರೆಯಿರಿ, ನಾನು ಓದುತ್ತೇನೆ. ಅವರು ನಿಮ್ಮ ಚೀಟಿಯನ್ನು ಆಮೇಲೆ ನೋಡುತ್ತೇನೆ ಎಂದರೆ, ಈಗಲೇ ನೋಡಿ ಎಂದು ನಾನು ಹೇಳುತ್ತೇನೆ. ಹೆದರುತ್ತಲೇ ಹೇಳುತ್ತೇನೆ. ಅವರು ಹೇಳುವ ಇಂಗ್ಲಿಷಿನಲ್ಲಿ ಕಷ್ಟದ ಪದ ಬಂದರೆ ಅದೂ ಅಭ್ಯಾಸವಾಯಿತು. ಅಲ್ಲಿ ಏನೇ ಹೇಳಲಿ, ಶನಿವಾರ ಇಡೀ ದಿನ ನೀವು ಪದ ಬರೆದು ತೋರಿಸಿ, ನಾನು ಅರ್ಥ ಹೇಳುತ್ತೇನೆ. ಭಾನುವಾರ ಗೇಟಿನ ತನಕ ಬನ್ನಿ. ಒಳಗೆ ನಾನೊಬ್ಬಳೇ ಹೋಗುತ್ತೇನೆ.

ಹೆದರಿಕೆಯ ಪದಕ್ಕೆ ನೀವು ಕೇಳಿದ ವಾಕ್ಯ ಇನ್ನೂ ಬಾಕಿ ಇತ್ತು. ಬರೆದಿದ್ದೇನೆ. ಹೊನ್ನಿಗೂ ಅವಳ ಅಕ್ಕೋರಿಗೂ ಟ್ರೆಪಿಡೇಶನ್ ಇದ್ದುದರಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ವ್ಯಾಕರಣ ತಪ್ಪಿದ್ದರೆ ತಿದ್ದಿ.

ನನ್ನ ಹಾಲ್ ಟಿಕೆಟ್ ಬಂದಿದೆ, ದಿನಾಂಕ, ಹೆಸರು, ಗೇಟಿನ ಹೊತ್ತು ಎಲ್ಲ ನಾನೇ ನೋಡಿದ್ದೇನೆ, ಒಂದೇ ಸಲ. ಅದನ್ನು ನಿಮಗೆ ಕಳಿಸುತ್ತಿಲ್ಲ. ನೀವು ಮಾತ್ರ ಆಸ್ಪತ್ರೆಯವರು ಕೊಟ್ಟ ಆ ಚೀಟಿಯನ್ನು ಇಟ್ಟಲ್ಲಿಂದ ತೆಗೆದು, ಬೆಳಕಿನಲ್ಲಿ ಹಿಡಿದು, ಅದರಲ್ಲಿ ಬರೆದಿರುವುದು ಶುಕ್ರವಾರ ಹದಿನಾರೇ ಅಲ್ಲವೇ ಎಂದು ದಯವಿಟ್ಟು ಇನ್ನೊಮ್ಮೆ ನೋಡಿ.

ಹೊನ್ನಿ